ಹಾಸನದ ಮನೆಯಲ್ಲಿ ಕಾಟೋ ಯೂನಿಟ್ರ್ಯಾಕ್: ಎಂಟು ಮಳೆಗಾಲ ಕಂಡ ಹಳಿ

ಮನೆಯಲ್ಲಿ ಪುಟ್ಟ ರೈಲು ಓಡಿಸಬೇಕು ಅಂತ ಆಸೆ ಇರುವವರು ನನ್ನನ್ನು ಮೊದಲು ಕೇಳುವುದು ಎಂಜಿನ್ ಬಗ್ಗೆ. ಯಾವ ಕಂಪನಿದು ಚೆನ್ನಾಗಿದೆ, ಯಾವುದಕ್ಕೆ ಮುಂದೆ ದೀಪ ಉರಿಯುತ್ತದೆ, ಯಾವುದು ಎಷ್ಟು ಬೋಗಿ ಎಳೆಯುತ್ತದೆ. ಹಳಿ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ನಮ್ಮಂಥ ಮನೆಗಳಲ್ಲಿ, ಅಂದರೆ ರಸ್ತೆ ಧೂಳು ಬರುವ, ಒಗ್ಗರಣೆ ಹೊಗೆ ಬರುವ, ಜೂನ್ ಬಂದರೆ ಗೋಡೆ ಒದ್ದೆಯಾಗುವ ಮನೆಗಳಲ್ಲಿ, ಈ ಹವ್ಯಾಸ ಉಳಿಯುತ್ತದೋ ಆರು ತಿಂಗಳಲ್ಲಿ ಅಟ್ಟ ಸೇರುತ್ತದೋ ಅನ್ನುವುದು ಹಳಿಯ ಮೇಲೆಯೇ ನಿಂತಿದೆ. ಅದಕ್ಕೇ ಎಂಟು ವರ್ಷ ಬಳಸಿದ ಮೇಲೆ ಹಳಿಯ ಬಗ್ಗೆಯೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ಜಪಾನಿನ ಕಾಟೋ ಕಂಪನಿಯ ಯೂನಿಟ್ರ್ಯಾಕ್, ಎನ್ ಗೇಜ್. ಎರಡು ಹಳಿಗಳ ನಡುವೆ 9 ಮಿಲಿಮೀಟರ್.

ಇದಕ್ಕೂ ಮೊದಲು ನನ್ನ ಹತ್ತಿರ ಬೇರೊಂದು ಸೆಟ್ ಇತ್ತು. ಹೆಸರು ಬೇಡ. ಕಡಿಮೆ ಬೆಲೆಗೆ ಸಿಕ್ಕಿತ್ತು, ಹಿತ್ತಾಳೆ ಹಳಿ, ತುಂಡು ತುಂಡು ಜೋಡಿಸಿ ನೆಲದ ಮೇಲೆ ಹಾಸುವಂಥದ್ದು. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿತು. ಮಳೆ ಶುರುವಾಗಿ ಎರಡು ವಾರಕ್ಕೆ ಹಳಿ ಕಂದು ಬಣ್ಣಕ್ಕೆ ತಿರುಗಿತು, ಎಂಜಿನ್ ಅರ್ಧ ಸುತ್ತು ಹೋಗಿ ನಿಲ್ಲುತ್ತಿತ್ತು, ಬೆರಳಲ್ಲಿ ತಳ್ಳಿದರೆ ಒಂದು ಗೇಣು ಹೋಗಿ ಮತ್ತೆ ನಿಲ್ಲುತ್ತಿತ್ತು. ಮಗಳಿಗೆ ಆಗ ಏಳು ವರ್ಷ. ಎರಡು ದಿನ ನೋಡಿ ಎದ್ದು ಹೋದಳು. ಎಂಜಿನ್ನಿಗೆ ಕರೆಂಟ್ ಸಿಗುವುದು ಹಳಿಯ ಮೂಲಕವೇ, ಹಿತ್ತಾಳೆ ಮೇಲೆ ಕೂರುವ ಆಕ್ಸೈಡ್ ಪದರವನ್ನು ಕರೆಂಟ್ ಸರಿಯಾಗಿ ದಾಟುವುದಿಲ್ಲ. ಮರಳು ಕಾಗದದಲ್ಲಿ ಉಜ್ಜಿದರೆ ಆ ಹೊತ್ತಿಗೆ ಸರಿ, ಆದರೆ ಗೀರು ಬೀಳುತ್ತದೆ, ಗೀರಿನೊಳಗೆ ಇನ್ನೂ ಜಾಸ್ತಿ ಕೊಳೆ ಕೂರುತ್ತದೆ. ಒಂದು ವರ್ಷ ಉಜ್ಜಿ ಬಿಟ್ಟೆ.

ಯೂನಿಟ್ರ್ಯಾಕ್ ಹಳಿ ನಿಕಲ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದೆಯೇ ಹೊರತು ಬೆಳ್ಳಿ ಚೂರೂ ಇಲ್ಲ, ತಾಮ್ರ, ನಿಕಲ್, ಸತು ಸೇರಿಸಿದ ಲೋಹ. ಇದೂ ಕೊಳೆಯಾಗುತ್ತದೆ, ಆದರೆ ಹಿತ್ತಾಳೆಯ ಹಾಗೆ ಹಟ ಮಾಡುವುದಿಲ್ಲ. ಹಳಿಯ ಕೆಳಗೆ ಜಲ್ಲಿಯ ಹಾಗೆ ಕಾಣುವ ಗಟ್ಟಿ ಪ್ಲಾಸ್ಟಿಕ್ ತಳ ಅಂಟಿಕೊಂಡೇ ಬರುತ್ತದೆ. ತುದಿಯಲ್ಲಿ ಯೂನಿಜಾಯ್ನರ್ ಅಂತ ಚಿಕ್ಕ ಕೊಂಡಿ, ಹೊರಗೆ ಪ್ಲಾಸ್ಟಿಕ್, ಒಳಗೆ ಲೋಹ. ಎರಡು ತುಂಡು ಎದುರುಬದುರು ಹಿಡಿದು ಒತ್ತಿದರೆ ಟಕ್ ಅಂತ ಕೂರುತ್ತದೆ. ಆ ಸದ್ದು ಕೇಳಿದರೆ ಮಾತ್ರ ಸರಿ ಕೂತಿದೆ ಅಂತ ಅರ್ಥ. ಸದ್ದು ಬರಲಿಲ್ಲ ಅಂದರೆ ಬಿಚ್ಚಿ ಮತ್ತೆ ಹಾಕಿ. ನಾನು ಪ್ರತಿ ಜೋಡಣೆಯ ಮೇಲೂ ಕಣ್ಣು ಮುಚ್ಚಿ ಉಗುರು ಎಳೆದು ನೋಡುತ್ತೇನೆ, ಉಗುರು ಎಡವಿದ ಕಡೆ ಚಕ್ರವೂ ಎಡವುತ್ತದೆ. ಬಿಚ್ಚುವಾಗ ಮಾತ್ರ ಪಕ್ಕಕ್ಕೆ ತಿರುಚಬಾರದು, ನೇರವಾಗಿ ಎಳೆಯಬೇಕು. ಎಂಟು ವರ್ಷದಲ್ಲಿ ಕನಿಷ್ಠ ಮೂವತ್ತು ಸಲ ಬಿಚ್ಚಿ ಜೋಡಿಸಿದ್ದೇನೆ, ಎರಡು ಮನೆ ಬದಲಾಯಿಸಿದ್ದೇನೆ. ಕೊಂಡಿ ಸಡಿಲ ಅನಿಸಿದರೆ ಕೊಂಡಿ ಮಾತ್ರ ಬೇರೆ ತರಿಸಬಹುದು, ಹಳಿ ಎಸೆಯಬೇಕಿಲ್ಲ. ನನಗೆ ತುಂಬ ಇಷ್ಟವಾದ ವಿಷಯ ಇದು.

ನನ್ನ ಲೇಔಟ್, ಅಂದರೆ ಹಳಿ ಹಾಸಿದ ಹಲಗೆ, ದೊಡ್ಡದೇನಲ್ಲ. ಆರು ಅಡಿ ಉದ್ದ, ಮೂರು ಅಡಿ ಅಗಲದ ಪ್ಲೈವುಡ್, ಕೆಳಗೆ ಮರದ ಚೌಕಟ್ಟು. ನಮ್ಮ ಬಡಗಿ ಮಂಚದ ಹಾಗೆ ಗಟ್ಟಿಯಾಗಿ ಮಾಡಿಕೊಟ್ಟಿದ್ದಾರೆ. ಹೊರಗಿನ ಸುತ್ತು 315 ಮಿ.ಮೀ. ತ್ರಿಜ್ಯದ ತಿರುವು, 45 ಡಿಗ್ರಿಯ ಎಂಟು ತುಂಡು ಸೇರಿದರೆ ಪೂರ್ತಿ ವೃತ್ತ. ಅದನ್ನು ಎರಡು ಭಾಗ ಮಾಡಿ ನಡುವೆ ಒಂದೊಂದು ಬದಿಗೆ 248 ಮಿ.ಮೀ.ಯ ನಾಲ್ಕು ನೇರ ತುಂಡು ಹಾಕಿದ್ದೇನೆ. ಒಟ್ಟು ಸುತ್ತಳತೆ ಹತ್ತಿರ ಹತ್ತಿರ 4 ಮೀಟರ್. ಒಳಸುತ್ತು 282 ತ್ರಿಜ್ಯದ್ದು, ಎರಡರ ನಡುವೆ 33 ಮಿ.ಮೀ. ಅಂತರ. ಇದೇ ಅಳತೆಯ ಲೆಕ್ಕದಲ್ಲಿ ಎಲ್ಲ ತುಂಡುಗಳೂ ಬರುತ್ತವೆ, ಹಾಗಾಗಿ ಕಾಗದದ ಮೇಲೆ ಬರೆದದ್ದು ಹಲಗೆಯ ಮೇಲೆ ಹಾಗೇ ಕೂರುತ್ತದೆ.

ಕರೆಂಟಿನ ವಿಷಯ ಒಂದು ಎಚ್ಚರಿಕೆ. ಜಪಾನಿನಲ್ಲಿ ಮನೆ ಕರೆಂಟ್ 100 ವೋಲ್ಟ್, ನಮ್ಮದು 230. ಅಲ್ಲಿಂದ ಯಾರಾದರೂ ಪವರ್ ಪ್ಯಾಕ್, ಅಂದರೆ ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ, ತಂದುಕೊಟ್ಟರೆ ಹಿಂದೆ ಬರೆದಿರುವುದನ್ನು ಓದದೆ ಪ್ಲಗ್ಗಿಗೆ ಹಾಕಬೇಡಿ. 100 ಅಂತ ಮಾತ್ರ ಬರೆದಿದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹಳಿಗೆ ಹೋಗುವುದು 12 ವೋಲ್ಟ್ ಡಿಸಿ, ಅದು ಮಕ್ಕಳ ಕೈಗೆ ಅಪಾಯವಿಲ್ಲ, ಆದರೆ ಪ್ಲಗ್ಗಿನ ಕಡೆಯದು ಆಟವಲ್ಲ.

ಈಗ ಕೊಳೆಯ ಮಾತಿಗೆ ಬರೋಣ, ಇದು ಮುಖ್ಯ.

ಎಂಜಿನ್ ತೊದಲುತ್ತಾ ಹೋದರೆ, ದೀಪ ಮಿಣುಕಿದರೆ, ಕೆಟ್ಟಿರುವುದು ಎಂಜಿನ್ ಅಂದುಕೊಳ್ಳುತ್ತೇವೆ. ಹತ್ತಕ್ಕೆ ಒಂಬತ್ತು ಸಲ ಹಳಿ, ಇಲ್ಲವೇ ಚಕ್ರ. ಬಿಳಿ ಬನಿಯನ್ ಬಟ್ಟೆಯನ್ನು ಬೆರಳಿಗೆ ಸುತ್ತಿ ಹಳಿಯ ಮೇಲೆ ಒಂದು ಅಡಿ ಎಳೆದು ನೋಡಿ. ಸೀಸದಕಡ್ಡಿಯಲ್ಲಿ ಗೆರೆ ಎಳೆದ ಹಾಗೆ ಎರಡು ಕಪ್ಪು ಪಟ್ಟಿ ಬರುತ್ತದೆ. ಧೂಳು, ಅಡುಗೆಮನೆಯ ಎಣ್ಣೆ ಪಸೆ, ಅಗರಬತ್ತಿ ಹೊಗೆ ಎಲ್ಲ ಸೇರಿರುತ್ತದೆ. ಜೊತೆಗೆ ಚಕ್ರ ಮತ್ತು ಹಳಿ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತಲೇ ಇರುತ್ತದೆ, ಅದು ಲೋಹವನ್ನು ಸುಟ್ಟು ಕಪ್ಪು ಮಸಿ ಮಾಡುತ್ತದೆ. ಅಂದರೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರೂ ಓಡಿಸಿದ ಹಳಿ ಕೊಳೆಯಾಗುತ್ತದೆ.

ನಾನು ಮೊದಲ ಮೂರು ವರ್ಷ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸುತ್ತಿದ್ದೆ. ಆ ಕ್ಷಣಕ್ಕೆ ಹೊಳೆಯುತ್ತದೆ, ವಾರಕ್ಕೆ ಮತ್ತೆ ಕಪ್ಪು. ಆಮೇಲೆ ಅಮೆರಿಕದ ಹವ್ಯಾಸಿಗಳ ನಡುವೆ ನಡೆದ ದೊಡ್ಡ ಚರ್ಚೆಯೊಂದನ್ನು ಓದಿದೆ. ಧ್ರುವೀಯ ದ್ರಾವಕದಲ್ಲಿ ಒರೆಸಿದರೆ ಕಿಡಿಯ ಮಸಿ ಬೇಗ ಕಟ್ಟುತ್ತದೆ, ಧ್ರುವೀಯವಲ್ಲದ್ದರಲ್ಲಿ ಒರೆಸಿದರೆ ನಿಧಾನ ಅನ್ನುವುದು ಅವರ ವಾದ. ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಅನ್ನುವ ಅಳತೆಯಲ್ಲಿ ಐಸೊಪ್ರೊಪೈಲ್ 18ರ ಆಸುಪಾಸು, ಮಿನರಲ್ ಟರ್ಪೆಂಟೈನ್ 2ರ ಆಸುಪಾಸು; ಅಂಕಿ ದೊಡ್ಡದಾದಷ್ಟೂ ದ್ರಾವಕ ಹೆಚ್ಚು ಧ್ರುವೀಯ ಅಂತ ಲೆಕ್ಕ. ಮಿನರಲ್ ಟರ್ಪೆಂಟೈನ್ ಅಂದರೆ ಬಣ್ಣದ ಅಂಗಡಿಯಲ್ಲಿ ಪೇಂಟಿಗೆ ಬೆರೆಸಲು ಕೊಡುವುದೇ, ಎಲ್ಲ ಊರಲ್ಲೂ ಸಿಗುತ್ತದೆ. ಸರಿ ನೋಡೋಣ ಅಂತ ಹೊರಸುತ್ತು ಟರ್ಪೆಂಟೈನಿನಲ್ಲಿ, ಒಳಸುತ್ತು ಆಲ್ಕೋಹಾಲಿನಲ್ಲಿ ಒರೆಸಿ ಎರಡರ ಮೇಲೂ ದಿನಾ ಅಷ್ಟೇ ಹೊತ್ತು ರೈಲು ಓಡಿಸಿದೆ. ಒಳಸುತ್ತಿನಲ್ಲಿ ಎಂಟನೇ ದಿನ ದೀಪ ಮಿಣುಕಲು ಶುರುವಾಯಿತು. ಹೊರಸುತ್ತು ಮೂರು ವಾರ ದಾಟಿತು. ನನ್ನ ಮನೆಯ ಒಂದು ಹಲಗೆಯ ಅನುಭವ ಇದು, ಪ್ರಯೋಗಶಾಲೆಯದಲ್ಲ, ಆದರೆ ಆಮೇಲೆ ನಾನು ಹಿಂದೆ ತಿರುಗಿ ನೋಡಿಲ್ಲ.

ಮಾಡುವ ಕ್ರಮ ಹೀಗೆ. ಕಿಟಕಿ ತೆಗೆಯಬೇಕು, ಪವರ್ ಪ್ಯಾಕ್ ಪ್ಲಗ್ ಕಿತ್ತಿಡಬೇಕು, ದೇವರ ದೀಪ, ಒಲೆ ಏನೂ ಹತ್ತಿರ ಇರಬಾರದು, ಏಕೆಂದರೆ ಟರ್ಪೆಂಟೈನ್, ಆಲ್ಕೋಹಾಲ್ ಎರಡೂ ಬೇಗ ಹೊತ್ತಿಕೊಳ್ಳುವಂಥವು. ಬಟ್ಟೆಗೆ ನಾಲ್ಕು ಹನಿ ಸಾಕು, ಹಳಿಯ ಮೇಲೆ ಸುರಿಯುವುದು ಬೇಡ, ಪ್ಲಾಸ್ಟಿಕ್ ತಳಕ್ಕೂ ಎಂಜಿನ್ನಿನ ಬಣ್ಣಕ್ಕೂ ತಾಗಬಾರದು. ಒರೆಸಿದ ಮೇಲೆ ಒಣ ಬಟ್ಟೆಯಲ್ಲಿ ಇನ್ನೊಂದು ಸುತ್ತು, ಆಮೇಲೆ ಅರ್ಧ ಗಂಟೆ ಬಿಟ್ಟು ರೈಲು. ಎಂಜಿನ್ನಿನ ಮೋಟರಿನಲ್ಲೂ ಕಿಡಿ ಇರುತ್ತದೆ, ಹಸಿ ಹಳಿಯ ಮೇಲೆ ಓಡಿಸಲೇಬೇಡಿ. ನನಗೆ ಎಲ್ಲ ಸೇರಿ ಒರೆಸುವ ಕೆಲಸ ಹತ್ತು ನಿಮಿಷ.

ಚಕ್ರಕ್ಕೆ ಮಾತ್ರ ನಾನು ಈಗಲೂ ಆಲ್ಕೋಹಾಲನ್ನೇ ಬಳಸುತ್ತೇನೆ. ಕೆಲವು ಎಂಜಿನ್‌ಗಳ ಒಂದೆರಡು ಚಕ್ರಕ್ಕೆ ಜಾರದಿರಲಿ ಅಂತ ರಬ್ಬರ್ ಪಟ್ಟಿ ಹಾಕಿರುತ್ತಾರೆ, ಟರ್ಪೆಂಟೈನ್ ರಬ್ಬರಿಗೆ ಆಗಿಬರುವುದಿಲ್ಲ. ಟಿಶ್ಯೂ ಕಾಗದವನ್ನು ಸ್ವಲ್ಪ ತೇವ ಮಾಡಿ ಎರಡೂ ಹಳಿಯ ಮೇಲೆ ಅಡ್ಡಲಾಗಿ ಹಾಸಿ, ಎಂಜಿನ್ನಿನ ಒಂದು ತುದಿಯ ಚಕ್ರ ಟಿಶ್ಯೂ ಮೇಲೆ, ಇನ್ನೊಂದು ತುದಿಯವು ಬರಿ ಹಳಿಯ ಮೇಲೆ ಬರುವ ಹಾಗೆ ಮೆಲ್ಲಗೆ ಹಿಡಿದು ಕರೆಂಟ್ ಕೊಟ್ಟರೆ ಟಿಶ್ಯೂ ಮೇಲಿನ ಚಕ್ರ ತಿರುಗಿ ತಿರುಗಿ ತನ್ನ ಕೊಳೆಯನ್ನು ತಾನೇ ಬಿಟ್ಟುಕೊಡುತ್ತದೆ. ಟಿಶ್ಯೂ ಹಸಿಯಾಗಿರಬಾರದು, ತೇವ ಅಷ್ಟೇ. ಅಕ್ಷದ ಸುತ್ತ ಕೂದಲು ಸುತ್ತಿಕೊಂಡಿದೆಯಾ ಅಂತಲೂ ನೋಡಿ. ಹೋದ ದೀಪಾವಳಿಯಲ್ಲಿ ನಮ್ಮ ಇಎಫ್65 ಎಂಜಿನ್ ಬಿಸಿಯಾಗಿ ನಿಧಾನವಾಗಿತ್ತು. ತಲೆಕೆಳಗೆ ಮಾಡಿ ಭೂತಗನ್ನಡಿ ಹಿಡಿದರೆ ಹಿಂದಿನ ಅಕ್ಷಕ್ಕೆ ನಮ್ಮ ಅತ್ತೆಯವರ ಸೀರೆಯ ಕೆಂಪು ಜರಿ ಎಳೆ ಒಂದು, ಹಲ್ಲುಚಕ್ರದವರೆಗೂ ಸುತ್ತಿಕೊಂಡು ಹೋಗಿತ್ತು. ಚಿಮುಟದಲ್ಲಿ ತುದಿ ಹಿಡಿದು, ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಾ ಬಿಚ್ಚಿದೆ, ನಾಲ್ಕು ಇಂಚು ಬಂತು. ಎಣ್ಣೆ ಬೇಕಾದ ಕಡೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟೇ ಹಾಕಬೇಕು. ಜಾಸ್ತಿಯಾದರೆ ಚಕ್ರಕ್ಕೆ ಇಳಿದು ಹಳಿಯೆಲ್ಲ ಜಿಡ್ಡು.

ನಾನು ಯೂನಿಟ್ರ್ಯಾಕ್ ಕೊಂಡದ್ದಕ್ಕೆ ಇನ್ನೊಂದು ಕಾರಣ ಘಾಟಿ. ಚಿಕ್ಕವನಿದ್ದಾಗ ಹಾಸನ–ಮಂಗಳೂರು ಮೀಟರ್ ಗೇಜ್ ರೈಲಿನಲ್ಲಿ ಅಪ್ಪನ ಜೊತೆ ಸುಬ್ರಹ್ಮಣ್ಯಕ್ಕೆ ಹೋಗುತ್ತಿದ್ದೆವು. ದೋಣಿಗಲ್ ದಾಟಿದ ಮೇಲೆ ಸುರಂಗ, ಸೇತುವೆ, ಸುರಂಗ, ಬೋಗಿಯೊಳಗೆ ಹುಡುಗರ ಕೂಗು, ಎಡಕುಮೇರಿಯಲ್ಲಿ ಮಳೆಯೊಳಗೆ ನಿಂತ ರೈಲು. ಆ ಏರನ್ನು ಮನೆಯಲ್ಲಿ ಮಾಡಬೇಕು ಅಂತ ಆಸೆ. ಆ ಘಾಟಿಯ ಏರು 50ಕ್ಕೆ 1, ಅಂದರೆ ನೂರಕ್ಕೆ ಎರಡು. ಎನ್ ಗೇಜಿನಲ್ಲಿ ಹಳಿಯನ್ನು ಕಂಬದ ಮೇಲೆ ಏರಿಸಲು ಸಿಗುವ ಕಾಟೋದ ಸೆಟ್‌ನಲ್ಲಿ ಏರು ನೂರಕ್ಕೆ ನಾಲ್ಕು, ಘಾಟಿಯ ಎರಡರಷ್ಟು. ಮೂರ್ನಾಲ್ಕು ಬೋಗಿಯ ಪ್ಯಾಸೆಂಜರ್ ರೈಲಿಗೆ ಅದು ನಡೆಯುತ್ತದೆ. ನನಗೆ ಉದ್ದದ ಗೂಡ್ಸ್ ಬೇಕಿತ್ತು, ಹಾಗಾಗಿ ಕಂಬ ಬಿಟ್ಟು ಥರ್ಮಕೋಲ್ ಹಲಗೆಯನ್ನು ಇಳಿಜಾರಾಗಿ ಕೊಯ್ದು ಹಳಿಯ ಕೆಳಗೆ ಇಟ್ಟೆ. ಲೆಕ್ಕ ಹಾಕಿದರೆ 30 ಮಿ.ಮೀ. ಏರಲು ಒಂದೂವರೆ ಮೀಟರ್, ಇಳಿಯಲು ಒಂದೂವರೆ ಮೀಟರ್, ನನ್ನ 4 ಮೀಟರ್ ಸುತ್ತಿನಲ್ಲಿ ಸಮತಟ್ಟಿಗೆ ಒಂದು ಮೀಟರ್ ಉಳಿಯುತ್ತದೆ. ಅಷ್ಟು ಎತ್ತರದಲ್ಲಿ ಕೆಳಗೆ ಇನ್ನೊಂದು ರೈಲು ಹೋಗುವುದಿಲ್ಲ, ಆದರೆ ಒಂದು ಹಳ್ಳ, ಒಂದು ಮೋರಿ, ಪಾಚಿ ಹಚ್ಚಿದ ಒಂದು ಬಂಡೆ ಕೂತಿದೆ. ಏರು ಶುರುವಾಗುವ ಜಾಗದಲ್ಲಿ ಹಳಿ ಒಮ್ಮೆಲೇ ಮುರಿದ ಹಾಗೆ ಏಳದಂತೆ ಕಾಗದದ ಪದರ ಇಟ್ಟು ನಯ ಮಾಡಬೇಕು, ಇಲ್ಲದಿದ್ದರೆ ಬೋಗಿಯ ಕೊಂಡಿ ಅಲ್ಲೇ ಬಿಟ್ಟುಕೊಳ್ಳುತ್ತದೆ.

ಡಿ51 ಉಗಿ ಎಂಜಿನ್ ಹದಿನಾಲ್ಕು ವ್ಯಾಗನ್ ಎಳೆದುಕೊಂಡು ಆ ಏರು ಹತ್ತುವಾಗ ವೇಗ ತುಸು ಇಳಿಯುತ್ತದೆ, ಮೋಟರಿನ ಸದ್ದು ದಪ್ಪವಾಗುತ್ತದೆ. ಜಪಾನಿನಲ್ಲಿ 1936ರಿಂದ 1,115 ಡಿ51 ಎಂಜಿನ್ ಕಟ್ಟಿದ್ದರು. ಅಲ್ಲಿನ ಹಳಿ 1,067 ಮಿ.ಮೀ., ನಮ್ಮ ಹಳೆಯ ಮೀಟರ್ ಗೇಜಿಗೆ ಹತ್ತಿರ ಹತ್ತಿರ. ಹಾಗಾಗಿ ಹಳಿಯ ಮೇಲೆ ಅಗಲವಾಗಿ ಚಾಚಿ ಕೂತ ಆ ನಿಲುವು ನಮ್ಮ ಹಳೆಯ ಮೀಟರ್ ಗೇಜ್ ಎಂಜಿನ್‌ಗಳನ್ನು ನೆನಪಿಸುತ್ತದೆ. ನಿಜ ಹೇಳಬೇಕೆಂದರೆ ಅಳತೆ ಪೂರ್ತಿ ಸರಿಯಲ್ಲ. ಈ ಎಂಜಿನ್ 150ರಲ್ಲಿ 1 ಪಾಲು, ಆ ಲೆಕ್ಕಕ್ಕೆ ಹಳಿ 7 ಮಿ.ಮೀ. ಸುಮಾರು ಇರಬೇಕಿತ್ತು, ಇರುವುದು 9. ಶಿಂಕಾನ್ಸೆನ್, ಅಂದರೆ ಜಪಾನಿನ ಬುಲೆಟ್ ರೈಲಿನ ಮಾದರಿಗಳು 160ರಲ್ಲಿ 1 ಪಾಲು, ಅವಕ್ಕೆ 9 ಸರಿಯಾಗಿ ಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ., ಅದನ್ನು 160ಕ್ಕೆ ಇಳಿಸಿದರೆ ಹತ್ತೂವರೆ ಮಿ.ಮೀ. ಬೇಕು. ಭಾರತೀಯ ರೈಲೇ ಬೇಕು ಅನ್ನುವವರಿಗೆ ಈ ಗೇಜಿನಲ್ಲಿ ಆಯ್ಕೆ ತೀರಾ ಕಡಿಮೆ, ಅದನ್ನು ತಿಳಿದೇ ಕೈ ಹಾಕಿ. ಅಂಥವರು ಒಮ್ಮೆ ಪುಣೆಯ ಕೋಥ್ರೂಡ್‌ನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿಕೊಂಡು ಬನ್ನಿ. 1998ರಿಂದ ಇದೆ. ನಮ್ಮ ದೇಶದಲ್ಲೇ ಒಬ್ಬರು ಮನೆಯ ಹವ್ಯಾಸವನ್ನು ಎಷ್ಟು ದೂರ ತಂದಿದ್ದಾರೆ ಅಂತ ಕಾಣುತ್ತದೆ.

ಬೆಲೆಯ ವಿಷಯದಲ್ಲಿ ಮುಚ್ಚುಮರೆ ಇಲ್ಲ, ದುಬಾರಿ. ಹೊರದೇಶದ ಆಟಿಕೆಗಳ ಮೇಲಿನ ಕಸ್ಟಮ್ಸ್ ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಮಾದರಿ ರೈಲೂ ಅದೇ ಲೆಕ್ಕಕ್ಕೆ ಬರುತ್ತದೆ. ನಾನು ಮೊದಲ ಸೆಟ್ ತರಿಸಿದ್ದು ಅದಕ್ಕೂ ಮೊದಲು, ಒಸಾಕದಲ್ಲಿ ಕೆಲಸ ಮಾಡುವ ಭಾವಮೈದುನನ ಕೈಲಿ. ಈಗ ಶುರು ಮಾಡುವುದಾದರೆ ಒಂದು ಅಂಡಾಕಾರದ ಸುತ್ತಿಗೆ ಬೇಕಾದ ಹಳಿ, ಹಳಿ ತಪ್ಪಿದ ಬೋಗಿಯನ್ನು ಮತ್ತೆ ಹತ್ತಿಸುವ ರೀರೇಲರ್ ತುಂಡು ಒಂದು, ಒಳ್ಳೆಯ ಎಂಜಿನ್ ಒಂದು, ಇಷ್ಟೇ ಸಾಕು. ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ತುಂಡು, ಆಮೇಲೆ ತಗೊಳ್ಳಿ. ಅದನ್ನು ತಿರುಗಿಸುವ ಕಾಯಿಲ್ ಜಲ್ಲಿ ತಳದೊಳಗೇ ಅಡಗಿರುತ್ತದೆ, ಹಲಗೆಗೆ ತೂತು ಕೊರೆಯಬೇಕಿಲ್ಲ, ಹಾಗಾಗಿ ಯಾವಾಗ ಬೇಕಾದರೂ ಸೇರಿಸಬಹುದು.

ಮಳೆಗಾಲದಲ್ಲಿ ನಾನು ಎಂಜಿನ್‌ಗಳನ್ನು ಸಿಲಿಕಾ ಜೆಲ್ ಚೀಲ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡುತ್ತೇನೆ, ಆದರೆ ಪೂರ್ತಿ ಮುಚ್ಚಿಟ್ಟು ಮರೆಯುವುದಿಲ್ಲ. ತಿಂಗಳಿಗೊಮ್ಮೆ ಒಂದೊಂದನ್ನೂ ಹೊರಗೆ ತೆಗೆದು ಮುಂದಕ್ಕೆ ಕಾಲು ಗಂಟೆ, ಹಿಂದಕ್ಕೆ ಕಾಲು ಗಂಟೆ ಓಡಿಸುತ್ತೇನೆ, ಇಲ್ಲದಿದ್ದರೆ ಒಳಗಿನ ಗ್ರೀಸ್ ಗಟ್ಟಿಯಾಗುತ್ತದೆ. ಮಗಳಿಗೆ ಈಗ ಹದಿನಾರು. ಒರೆಸುವ ಬಟ್ಟೆ ಅವಳ ಕೈಲಿ, ವೇಗ ಏರಿಸಿ ಇಳಿಸುವ ಥ್ರಾಟಲ್ ನನ್ನ ಕೈಲಿ. ಹೋದ ಭಾನುವಾರ ಕರೆಂಟ್ ಹೋಗುವವರೆಗೂ ಎರಡೂ ಸುತ್ತಿನಲ್ಲಿ ಎರಡು ರೈಲು, ಒಂದು ಸಲವೂ ಕೈ ತಾಗಿಸದೆ ಓಡಿದವು.