ನಿವೃತ್ತ ವಿಜ್ಞಾನಿಗೊಂದು ಹಸಿರು ಬೀಗ: ಅನ್‌ಪೇವಾಲ್ ಬಳಸಿ ನೋಡಿದೆ

ಅಡಿಕೆಯ ರೋಗಗಳ ಮೇಲೆ ಸಂಶೋಧನೆ ಮಾಡಿಕೊಂಡೇ ನನ್ನ ನೌಕರಿ ಮುಗಿಯಿತು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ಮಾರನೇ ವಾರ ಲಾಗಿನ್ ತೆಗೆದರು. ಅಲ್ಲಿಗೆ ದುಡ್ಡು ಕೊಟ್ಟು ಓದಬೇಕಾದ ಸಂಶೋಧನಾ ಜರ್ನಲ್‌ಗಳ ಬಾಗಿಲೂ ಮುಚ್ಚಿತು.

ಜರ್ನಲ್‌ಗಳಿಗೆ ದೇಶಕ್ಕೆಲ್ಲ ಒಂದೇ ಚಂದಾ ಕಟ್ಟುವ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಇದೆಯಲ್ಲ ಎನ್ನಬಹುದು. 2025ರ ಜನವರಿಯಲ್ಲಿ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಒಳ್ಳೆಯದೇ. ಆದರೆ ಅದು ಸರ್ಕಾರಿ ಸಂಸ್ಥೆಗಳ ಒಳಗಿದ್ದವರಿಗೆ. ಜಗಲಿಯಲ್ಲಿ ಕೂತ ನನಗಿಲ್ಲ, ಪಕ್ಕದ ತೋಟದವರಿಗಂತೂ ಇಲ್ಲವೇ ಇಲ್ಲ.

ಮಗಳು ಬಂದಾಗ ಲ್ಯಾಪ್‌ಟಾಪಿಗೆ ಅನ್‌ಪೇವಾಲ್ ಹಾಕಿಕೊಟ್ಟಳು. ಬ್ರೌಸರ್‌ಗೆ ಸೇರಿಸುವ ಪುಟ್ಟ ಸಾಧನ, ದುಡ್ಡಿಲ್ಲ. 2017ರಿಂದ ಇದೆ, ಲಾಭಕ್ಕೆ ನಡೆಸುವುದಲ್ಲ. ಲೇಖನದ ಪುಟ ತೆರೆದರೆ ಬಲಗಡೆ ಅಂಚಿನಲ್ಲಿ ಬೀಗದ ಗುರುತು ಬರುತ್ತದೆ. ಹಸಿರಾದರೆ ಒತ್ತಿ, ಪೂರ್ತಿ ಲೇಖನ ಸಿಗುತ್ತದೆ. ಬೂದು ಬಣ್ಣ ಬಂದರೆ ನಮ್ಮ ಹಣೆಬರಹ. ಲೇಖನದ ಡಿಒಐ ಸಂಖ್ಯೆ (ಒಂದೊಂದು ಲೇಖನಕ್ಕೂ ಕೊಡುವ ಗುರುತಿನ ಸಂಖ್ಯೆ) ಹಿಡಿದುಕೊಂಡು ವಿಶ್ವವಿದ್ಯಾಲಯಗಳ ಆನ್‌ಲೈನ್ ಭಂಡಾರಗಳಲ್ಲೋ ಪ್ರಕಾಶಕರ ತಾಣದಲ್ಲೋ ಪ್ರತಿ ಇದೆಯಾ ಎಂದು ಅದು ನೋಡುತ್ತದೆ. ಅನುಮತಿಯಿಲ್ಲದೆ ಲೇಖನ ಹಂಚುವ ಸೈ-ಹಬ್ ತಾಣದ ತರಹ ಕದ್ದ ಮಾಲಲ್ಲ. ಕೆಲವೊಮ್ಮೆ ಸಿಗುವುದು ಅಚ್ಚಿಗೆ ಮೊದಲಿನ ಕರಡು. ಪುಟಸಂಖ್ಯೆ ಹೊಂದುವುದಿಲ್ಲ, ಚಿತ್ರಗಳೆಲ್ಲ ಕೊನೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. ನನಗೇನೂ ತೊಂದರೆಯಿಲ್ಲ.

ಹಸಿರು ಬೀಗ ಎಂದರೆ ಓದುವವರಿಗೆ ಬಿಟ್ಟಿ, ಬರೆಯುವವರಿಗೂ ಬಿಟ್ಟಿ ಅಂತಲ್ಲ. ಎಷ್ಟೋ ಕಡೆ ಬರೆದವರೇ ದುಡ್ಡು ಕಟ್ಟಿರುತ್ತಾರೆ. ನೇಚರ್ ವಿಜ್ಞಾನ ಪತ್ರಿಕೆ 2020ರಲ್ಲಿ ಒಂದು ಲೇಖನ ಎಲ್ಲರಿಗೂ ತೆರೆದಿಡಲು 9,500 ಯೂರೋ ಎಂದು ದರ ಹೇಳಿದಾಗ ಲ್ಯಾಬಿನ ಹುಡುಗನೊಬ್ಬ, ‘ಸಾರ್, ಅಷ್ಟಿದ್ರೆ ನಮ್ಗೆ ವರ್ಷದ ಸಾಮಾನು ಬರುತ್ತೆ’ ಎಂದಿದ್ದ.

ಪರೀಕ್ಷೆ ಮಾಡೋಣ ಎಂದು ಅಡಿಕೆಯ ಕೊಳೆರೋಗದ ಬಗ್ಗೆ ನಾನೇ ಬರೆದ ಲೇಖನ ಹುಡುಕಿದೆ. ಬೂದು! ಇನ್ನೊಂದು ಹುಡುಕಿದೆ. ಅದೂ ಬೂದು. ಅನ್‌ಪೇವಾಲ್‌ನ ತಪ್ಪಲ್ಲ ಇದು. ಅಂತಿಮ ಪ್ರತಿಯನ್ನು ಸಂಸ್ಥೆಯ ಭಂಡಾರಕ್ಕೆ ಹಾಕಿ ಎಂದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) 2013ರಲ್ಲೇ ನೀತಿ ತಂದಿತ್ತು. ಓದಿದ ನೆನಪಿದೆ, ಹಾಕಿದ ನೆನಪಿಲ್ಲ. ದೊಡ್ಡ ಜರ್ನಲ್‌ನಲ್ಲಿ ಹೆಸರು ಬಂದರೆ ಸಾಕಿತ್ತು ಆಗ, ಬಡ್ತಿಯ ಫೈಲಿಗೆ. ಇದೇ ಕೊಳೆರೋಗದ ಮೇಲೆ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಬುಲೆಟಿನ್‌ನಲ್ಲಿ. ನಾನು ಬರೆದದ್ದು ಬೀಗದೊಳಗೆ. ಆ ಅಂತಿಮ ಪ್ರತಿಗಳಿಗಾಗಿ ಹಳೆಯ ಪೆನ್‌ಡ್ರೈವ್‌ಗಳನ್ನು ಈಗ ಹುಡುಕುತ್ತಿದ್ದೇನೆ.

ಈ ಸಾಧನ ಪೂರ್ತಿ ಸೋಲುವ ಜಾಗ ಒಂದಿದೆ. ಮೊನ್ನೆ ಪಕ್ಕದ ತೋಟದ ಹುಡುಗ ಪತ್ರಿಕೆಯ ತುಣುಕು ಹಿಡಿದುಕೊಂಡು ಬಂದ. ‘ಮಾವಾ, ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಔಷಧಿ ಸಿಕ್ತಂತೆ, ಹೌದಾ?’ ಸುದ್ದಿಯಲ್ಲಿ ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂದಷ್ಟೇ ಇದೆ. ಯಾವ ಜರ್ನಲ್, ಲೇಖನದ ಹೆಸರೇನು, ಒಂದೂ ಇಲ್ಲ. ಲ್ಯಾಬಿನ ತಟ್ಟೆಯಲ್ಲಿ ಶಿಲೀಂಧ್ರ ಸತ್ತಿದ್ದೋ, ಮಲೆನಾಡಿನ ಮಳೆಯಲ್ಲಿ ಮರ ಉಳಿದಿದ್ದೋ? ಎರಡಕ್ಕೂ ಅಜಗಜಾಂತರ ಅಲ್ವಾ? ಮುಕ್ಕಾಲು ಗಂಟೆ ಹುಡುಕಿದೆವು, ಸಿಗಲಿಲ್ಲ. ಸುದ್ದಿಯ ಕೊನೆಗೆ ಆ ಡಿಒಐ ಸಂಖ್ಯೆ ಹಾಕಲು ಒಂದು ಸಾಲು ಸಾಕು. ಪೂರ್ತಿ ವರದಿಗಿಂತ ಆ ಸಾಲೇ ಜಾಸ್ತಿ ಉಪಯೋಗಕ್ಕೆ ಬರುತ್ತಿತ್ತು. ಸದ್ಯಕ್ಕೆ ಏನೂ ಹೊಡೆಯಬೇಡ ಎಂದು ಹೇಳಿ ಕಳಿಸಿದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಮೊಬೈಲ್‌ಗೆ. ಆ ಹುಡುಗನ ಹತ್ತಿರ ಇರುವುದು ಮೊಬೈಲ್ ಮಾತ್ರ, ಅದರ ಕ್ರೋಮ್‌ನಲ್ಲಿ ಇದು ಕೂರುವುದಿಲ್ಲ. ಏನಾದರೂ ಓದಬೇಕೆಂದರೆ ನಮ್ಮ ಜಗಲಿಗೇ ಬರಬೇಕು. ಬರುತ್ತಾನೆ, ಕಾಫಿ ಹೊತ್ತಿಗೆ ಸರಿಯಾಗಿ.