ಹಳೇ ನೆಟ್‌ಬುಕ್ಕಿಗೆ ಯಾವುದು ಸರಿ: ಆಂಟಿಕ್ಸ್, ಪಪ್ಪಿ, ಆಲ್ಪೈನ್, ಓಪನ್‌ಬಿಎಸ್‌ಡಿ

ಹಗುರವಾದ ಆಪರೇಟಿಂಗ್ ಸಿಸ್ಟಮ್ ಯಾವುದು ಅಂತ ಕೇಳಿದರೆ ಎಲ್ಲರೂ ಮೊದಲು ಕೊಡುವುದು ಒಂದೇ ಲೆಕ್ಕ: ಬೂಟ್ ಆದ ಕೂಡಲೇ ಎಷ್ಟು ರ‍್ಯಾಮ್ ಹಿಡಿಯುತ್ತದೆ. ಇದು 90 ಎಂಬಿ, ಅದು 150 ಎಂಬಿ, ಹೀಗೆ. ಈ ಲೆಕ್ಕ ನೋಡಿ ಯಾವುದನ್ನೂ ಆರಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಬ್ರೌಸರ್ ತೆರೆದು ಎರಡು ಟ್ಯಾಬ್ ಇಟ್ಟರೆ ಸಾಕು, ಆ 60 ಎಂಬಿ ಉಳಿತಾಯ ಎಲ್ಲಿ ಹೋಯಿತು ಅಂತಲೇ ತಿಳಿಯುವುದಿಲ್ಲ. ನೋಡಬೇಕಾದದ್ದು ಬೇರೆ. ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆಯಾ? ಇನ್ನೆಷ್ಟು ವರ್ಷ ಬರುತ್ತದೆ? ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಏಳುತ್ತದೆಯಾ? ವೈಫೈ ತಾನಾಗಿ ಸೇರಿಕೊಳ್ಳುತ್ತದೆಯಾ? ನಾಲ್ಕು ಸಿಸ್ಟಮ್‌ಗಳನ್ನು ಒಂದೇ ಯಂತ್ರದ ಮೇಲೆ ಹಾಕಿ, ದಿನದ ಕೆಲಸಕ್ಕೇ ಬಳಸಿ, ಇದನ್ನೆಲ್ಲ ನೋಡಿದ್ದೇನೆ.

ಯಂತ್ರ ಇಂಟೆಲ್ ಆಟಮ್ ಎನ್270 ಇರುವ ನೆಟ್‌ಬುಕ್. 2008ರಲ್ಲಿ ಬಂದ ಪ್ರೊಸೆಸರ್, 1.6 ಗಿಗಾಹರ್ಟ್ಸ್, 32 ಬಿಟ್ ಮಾತ್ರ, ಅಂದರೆ 64 ಬಿಟ್ ಸಿಸ್ಟಮ್‌ಗಳು ಇದರಲ್ಲಿ ಓಡುವುದಿಲ್ಲ. ರ‍್ಯಾಮ್ 2 ಜಿಬಿ ಇದೆ. ಅದಕ್ಕಿಂತ ಜಾಸ್ತಿ ಹಾಕಲು ಚಿಪ್‌ಸೆಟ್ ಬಿಡುವುದಿಲ್ಲ. ಪರದೆ 1024×600. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೇನೆ. ಯಾವ ಓಎಸ್ ಬದಲಿಸಿದರೂ ಸಿಗದಷ್ಟು ಚುರುಕು ಅದೊಂದರಿಂದಲೇ ಬಂತು. ಹಾಗಾಗಿ ಓಎಸ್ ಆರಿಸುವ ಮೊದಲು ಡಿಸ್ಕ್ ಬದಲಿಸಿ.

ಮೊದಲು ಆಂಟಿಕ್ಸ್. ಇದರ ಬುಡ ಡೆಬಿಯನ್ ಅನ್ನುವ ಲಿನಕ್ಸ್. ಬೂಟ್ ಆಗುವಾಗ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಇಲ್ಲ, ಡೆಸ್ಕ್‌ಟಾಪ್ ಬದಲು ಐಸ್‌ಡಬ್ಲ್ಯೂಎಂ ಅನ್ನುವ ಪುಟ್ಟ ವಿಂಡೋ ಮ್ಯಾನೇಜರ್ ಇದೆ. 32 ಬಿಟ್ ಆವೃತ್ತಿಯಲ್ಲಿ ಪಿಎಇ (4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸುವ ಸೌಲಭ್ಯ) ಇಲ್ಲದ ಪ್ರೊಸೆಸರ್‌ಗಳಿಗೂ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಸಿಗುತ್ತದೆ. ಹಳೆಯ ಪೆಂಟಿಯಂ ಎಂ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇದು ದೊಡ್ಡ ಉಪಕಾರ. ಇನ್‌ಸ್ಟಾಲ್ ಆದ ಮೇಲೆ ಶಬ್ದ, ವೈಫೈ, ಟಚ್‌ಪ್ಯಾಡ್ ಎಲ್ಲ ಕೇಳದೇ ನಡೆದವು. ನೋಡಲು ಅಷ್ಟು ಚೆಂದವಿಲ್ಲ, ಮೆನುಗಳು ಕಿಕ್ಕಿರಿದಿವೆ, ಒಂದೇ ಕೆಲಸಕ್ಕೆ ಮೂರು ಪ್ರೋಗ್ರಾಂ ಇವೆ. ಆದರೆ ಡೆಬಿಯನ್ನಿನ ಇಡೀ ಪ್ಯಾಕೇಜ್ ಭಂಡಾರ ಕೈಯಲ್ಲಿರುತ್ತದೆ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಒಂದೇ ಆಜ್ಞೆಯಲ್ಲಿ ಬಂದು ಕುಳಿತವು. ಒತ್ತಕ್ಷರ ಎಲ್ಲೂ ಒಡೆಯಲಿಲ್ಲ.

ಸಣ್ಣ ಪರದೆಯ ಒಂದು ಕಾಟ ಎಲ್ಲ ಕಡೆಯೂ ಇದೆ. ಸೆಟ್ಟಿಂಗ್ ವಿಂಡೋ ತೆರೆದರೆ ಕೆಳಗಿನ 'ಓಕೆ' ಬಟನ್ ಪರದೆಯ ಆಚೆ ಹೋಗಿರುತ್ತದೆ. ಐಸ್‌ಡಬ್ಲ್ಯೂಎಂನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು, ವಿಂಡೋದ ಮೈ ಮೇಲೆ ಎಲ್ಲಿಯಾದರೂ ಮೌಸ್ ಇಟ್ಟು ಮೇಲಕ್ಕೆ ಎಳೆಯಿರಿ. ಟೈಟಲ್ ಬಾರ್ ಮೇಲೆ ಮಾಯವಾಗಿ ಬಟನ್ ಕೆಳಗಿಂದ ಹೊರಗೆ ಬರುತ್ತದೆ. ಪಪ್ಪಿಯಲ್ಲೂ ಇದೇ ಉಪಾಯ ನಡೆಯುತ್ತದೆ.

ಇನ್ನು ಬ್ರೌಸರ್. ಫೈರ್‌ಫಾಕ್ಸ್ ಇಎಸ್‌ಆರ್ (ಹೆಚ್ಚು ಕಾಲ ಸೆಕ್ಯುರಿಟಿ ಅಪ್‌ಡೇಟ್ ಸಿಗುವ ಆವೃತ್ತಿ), ಜೊತೆಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್, ಹಿಂದೆ ಝಡ್‌ರ‍್ಯಾಮ್. ಈ ಮೂರೂ ಸೇರಿದರೆ ಆಟಮ್ ಮೇಲೆ ಸುದ್ದಿ ಓದಬಹುದು, ಮೇಲ್ ನೋಡಬಹುದು. ಝಡ್‌ರ‍್ಯಾಮ್ ಮಾಡುವುದಿಷ್ಟೇ: ಸದ್ಯ ಬೇಡದ ಮೆಮೊರಿಯನ್ನು ಡಿಸ್ಕಿಗೆ ಬರೆಯುವ ಬದಲು ಕುಗ್ಗಿಸಿ ರ‍್ಯಾಮ್‌ನಲ್ಲೇ ಇಡುತ್ತದೆ. ಅದಿಲ್ಲದೆ ಮೂರನೇ ಟ್ಯಾಬ್ ತೆರೆದರೆ ಮೌಸ್ ಬಾಣವೇ ನಿಂತುಬಿಡುತ್ತಿತ್ತು. ಝಡ್‌ರ‍್ಯಾಮ್ ಹಾಕಿದ ಮೇಲೆ ತಡವರಿಸುತ್ತದೆ, ನಿಲ್ಲುವುದಿಲ್ಲ. ವಿಡಿಯೋವನ್ನು ಬ್ರೌಸರ್‌ನಲ್ಲಿ ನೋಡಲೇಬೇಡಿ. ತಾಣದಿಂದ ವಿಡಿಯೋ ತಂದುಕೊಡುವ ವೈಟಿ-ಡಿಎಲ್‌ಪಿ ಜೊತೆ ಎಂಪಿವಿ ಪ್ಲೇಯರಿಗೆ ಲಿಂಕ್ ಕೊಟ್ಟರೆ 360ಪಿ ಸಲೀಸಾಗಿ ಓಡುತ್ತದೆ.

ಆಂಟಿಕ್ಸ್ ಜೊತೆ ಒಂದು ಚಿಂತೆ ಬರುತ್ತದೆ, ಅದು ಅವರ ತಪ್ಪಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ರೂ ಇಲ್ಲ, ಕರ್ನಲ್ಲೂ ಇಲ್ಲ. ನಾನು ಹಾಕಿರುವ ಆಂಟಿಕ್ಸ್ 23 ನಿಂತಿರುವುದು ಡೆಬಿಯನ್ 12ರ ಮೇಲೆ. ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗಿದೆ. ಬ್ರೌಸರ್ ಅದಕ್ಕಿಂತ ಮೊದಲೇ ಕೈಕೊಡಬಹುದು. ಕ್ರೋಮ್ 32 ಬಿಟ್ ಲಿನಕ್ಸ್ ಬಿಟ್ಟಿದ್ದು 2016ರಲ್ಲೇ. ಫೈರ್‌ಫಾಕ್ಸ್ 144ನೇ ಆವೃತ್ತಿಗೆ ನಿಲ್ಲಿಸಿತು. ಇಎಸ್‌ಆರ್ 140ಕ್ಕೆ 2026ರ ಸೆಪ್ಟೆಂಬರ್‌ವರೆಗೆ ಮಾತು ಕೊಟ್ಟಿದ್ದಾರೆ.

ಪಪ್ಪಿಯ ದಾರಿಯೇ ಬೇರೆ. ಬ್ಯಾರಿ ಕೌಲರ್ 2003ರಲ್ಲಿ ಶುರುಮಾಡಿದ್ದು. ಇಡೀ ಸಿಸ್ಟಮ್ ಪೆನ್‌ಡ್ರೈವಿನಿಂದ ರ‍್ಯಾಮ್‌ಗೆ ಏರುತ್ತದೆ. ಆಮೇಲೆ ಪೆನ್‌ಡ್ರೈವ್ ಕಿತ್ತರೂ ಕೆಲಸ ನಡೆಯುತ್ತದೆ. ಮೆನು ಒತ್ತಿದ ತಕ್ಷಣ ಪ್ರೋಗ್ರಾಂ ತೆರೆಯುವ ಆ ವೇಗ ನಿಜಕ್ಕೂ ಖುಷಿ ಕೊಡುತ್ತದೆ. ಮೊದಲ ಸಲ ಶಟ್‌ಡೌನ್ ಮಾಡುವಾಗ ಎಲ್ಲಿ ಸೇವ್ ಮಾಡಲಿ ಅಂತ ಕೇಳುತ್ತದೆ. ಅಲ್ಲಿಂದ ಮುಂದೆ ನಿಮ್ಮ ಬದಲಾವಣೆಗಳೆಲ್ಲ ಆ ಒಂದೇ ಫೈಲಿನಲ್ಲಿ ಇರುತ್ತವೆ. ಅದರ ಪ್ರತಿ ತೆಗೆದಿಟ್ಟರೆ ಬ್ಯಾಕಪ್ ಮುಗಿಯಿತು.

ಆದರೂ ದಿನಬಳಕೆಗೆ ನನಗೆ ಒಗ್ಗಲಿಲ್ಲ. ಮೊದಲನೆಯ ಕಾರಣ, ಪಪ್ಪಿಯಲ್ಲಿ ನೀವು ಸದಾ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ. ಬ್ರೌಸರ್ ಇರುವ ಯಂತ್ರದಲ್ಲಿ ಅದು ನನಗೆ ಸರಿ ಅನ್ನಿಸುವುದಿಲ್ಲ. ಎರಡನೆಯದು, ಸಿಸ್ಟಮ್ ರ‍್ಯಾಮ್‌ನಲ್ಲಿ ಕೂತಷ್ಟೂ ಬ್ರೌಸರಿಗೆ ಜಾಗ ಕಡಿಮೆ. 2 ಜಿಬಿಯಲ್ಲಿ ತಡೆದುಕೊಳ್ಳಬಹುದು, 512 ಎಂಬಿ ಇದ್ದರೆ ಕಷ್ಟ. ಆದರೆ ಸಾಯುತ್ತಿರುವ ಡಿಸ್ಕಿನಿಂದ ಫೋಟೋ, ಕಾಗದಪತ್ರ ಉಳಿಸಿಕೊಳ್ಳಬೇಕಾದಾಗ ಪಪ್ಪಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಒಂದು ಪೆನ್‌ಡ್ರೈವ್ ಯಾವಾಗಲೂ ತಯಾರಿಟ್ಟಿರುತ್ತೇನೆ.

ಆಲ್ಪೈನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇದೂ ಲಿನಕ್ಸೇ, ಒಳಗಿನ ಬಿಡಿಭಾಗಗಳು ಮಾತ್ರ ಪುಟ್ಟವು: ಮಸ್ಲ್ ಅನ್ನುವ ಸಿ ಲೈಬ್ರರಿ, ಮೂಲ ಆಜ್ಞೆಗಳಿಗೆ ಬಿಝಿಬಾಕ್ಸ್, ಸೇವೆಗಳನ್ನು ಶುರುಮಾಡಲು ಓಪನ್‌ಆರ್‌ಸಿ. ಪ್ರೋಗ್ರಾಂಗಳನ್ನು ತಂದು ಹಾಕುವ ಎಪಿಕೆ ಪ್ಯಾಕೇಜ್ ಮ್ಯಾನೇಜರ್ ಎಷ್ಟು ಚುರುಕು ಅಂದರೆ, ಡೆಬಿಯನ್ನಿನ ಎಪಿಟಿಯಲ್ಲಿ ನಿಮಿಷಗಟ್ಟಲೆ ಕಾಯುತ್ತಿದ್ದ ಕೆಲಸ ಇಲ್ಲಿ ಕ್ಷಣದಲ್ಲಿ ಆಗುತ್ತದೆ. ಮನೆಯಲ್ಲಿ ಫೈಲ್ ಸರ್ವರ್, ಬ್ಯಾಕಪ್ ಡಬ್ಬಿ ಅಂತ ಮೂಲೆಯಲ್ಲಿ ಇಡುವುದಾದರೆ ಕಣ್ಣುಮುಚ್ಚಿ ಇದನ್ನೇ ಹಾಕಿ. ಮುಂದೆ ಕೂತು ಬಳಸಲು ಮಾತ್ರ ಎಲ್ಲವನ್ನೂ ನಾವೇ ಜೋಡಿಸಬೇಕು. ಡೆಸ್ಕ್‌ಟಾಪ್ ಹಾಕುವ ಸ್ಕ್ರಿಪ್ಟ್ ಇದೆ, ಆದರೆ ಶಬ್ದ, ಸ್ಲೀಪ್, ಪರದೆಯ ಬೆಳಕು ಒಂದೊಂದಕ್ಕೂ ಓದಿ ಸರಿಮಾಡಬೇಕು. ಬೇರೆ ಲಿನಕ್ಸ್‌ಗಳು ಸಾಮಾನ್ಯವಾಗಿ ಬಳಸುವ ಜೀಲಿಬ್‌ಸಿ ಲೈಬ್ರರಿಗೆ ಕಟ್ಟಿದ ಸಿದ್ಧ ಪ್ರೋಗ್ರಾಂಗಳು ಸುಮ್ನೆ ತಂದು ಹಾಕಿದರೆ ಓಡುವುದಿಲ್ಲ.

ಓಪನ್‌ಬಿಎಸ್‌ಡಿ ಲಿನಕ್ಸ್ ಅಲ್ಲ. ಯುನಿಕ್ಸ್ ಕುಟುಂಬದ ನೆಟ್‌ಬಿಎಸ್‌ಡಿಯಿಂದ 1995ರಲ್ಲಿ ಕವಲೊಡೆದದ್ದು. ನನ್ನ ಮನಸ್ಸು ಗೆದ್ದಿದ್ದು ಇದೇ, ಕಾರಣ ಅದರ ನೇರ ಸ್ವಭಾವ. ಇನ್‌ಸ್ಟಾಲರ್ ಒಂದೊಂದೇ ಪ್ರಶ್ನೆ ಕೇಳುತ್ತದೆ, ಹೆಚ್ಚಿನವಕ್ಕೆ ಎಂಟರ್ ಒತ್ತಿದರೆ ಸಾಕು. ಗ್ರಾಫಿಕ್ಸ್ ಮೂಲ ಸಿಸ್ಟಮ್‌ನಲ್ಲೇ ಬರುತ್ತದೆ. ವೈಫೈಗೆ ಒಂದು ಸಣ್ಣ ಟೆಕ್ಸ್ಟ್ ಫೈಲ್. ಮನೆಯ ನೆಟ್‌ವರ್ಕ್ ಒಂದು ಸಾಲು, ಆಫೀಸಿನದು ಇನ್ನೊಂದು ಸಾಲು. ಯಾವುದು ಸಿಕ್ಕಿತೋ ಅದಕ್ಕೆ ತಾನೇ ಸೇರಿಕೊಳ್ಳುತ್ತದೆ. ನನ್ನ ನೆಟ್‌ಬುಕ್‌ನಲ್ಲಿ ಅಥೆರೋಸ್ ಚಿಪ್ ಇದೆ, ಅದಕ್ಕೆ ಬೇರೆ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಸಾಫ್ಟ್‌ವೇರ್) ಬೇಕಾಗಲಿಲ್ಲ. ಇಂಟೆಲ್ ವೈಫೈ ಇದ್ದರೆ ಅದನ್ನು ಇಳಿಸಿಕೊಳ್ಳಲು ಮೊದಲ ಸಲ ಕೇಬಲ್ ಹಾಕಿಕೊಂಡು ಕೂರಿ. ಸಿಸ್ಟಮ್ ಜೊತೆಗೇ ಬರುವ ಕೈಪಿಡಿ, ಅಂದರೆ ಮ್ಯಾನ್ ಪೇಜುಗಳಂತೂ ಅಪ್ಪಟ ಚಿನ್ನ. ಅಲ್ಲಿ ಬರೆದದ್ದು ಯಂತ್ರದಲ್ಲಿ ಹಾಗೆಯೇ ನಡೆಯುತ್ತದೆ.

ಬೂಟ್ ನಿಧಾನ. ಪ್ರತಿ ಸಲ ಲೈಬ್ರರಿಗಳ ಒಳಭಾಗವನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸುತ್ತದೆ. ಬೂಟ್ ಆದ ಮೇಲೆ ಕರ್ನಲ್ಲನ್ನೂ ಮುಂದಿನ ಸಲಕ್ಕಾಗಿ ಹಾಗೆಯೇ ಹೊಸದಾಗಿ ಕಟ್ಟುತ್ತದೆ. ದಾಳಿ ಮಾಡುವವನಿಗೆ ಯಾವುದು ಎಲ್ಲಿದೆ ಅಂತ ತಿಳಿಯಬಾರದು ಅನ್ನುವುದು ಉದ್ದೇಶ. ಆಟಮ್‌ಗೆ ಇದು ಭಾರ. ಲಾಗಿನ್ ಆದ ಮೇಲೂ ಕೊಂಚ ಹೊತ್ತು ಫ್ಯಾನ್ ಜೋರಾಗಿ ತಿರುಗುತ್ತಲೇ ಇರುತ್ತದೆ. ಲೈಬ್ರರಿ ಜೋಡಣೆ ನಿಲ್ಲಿಸುವ ಆಯ್ಕೆ ಇದೆ, ನಾನು ನಿಲ್ಲಿಸಿಲ್ಲ. ಯಾಕಂದರೆ ನಾನು ಶಟ್‌ಡೌನ್ ಮಾಡುವುದೇ ಅಪರೂಪ. ಮುಚ್ಚಳ ಮುಚ್ಚಿದರೆ ಮಲಗುತ್ತದೆ, ತೆರೆದರೆ ಏಳುತ್ತದೆ, ಅದರಲ್ಲಿ ಒಮ್ಮೆಯೂ ತಕರಾರು ಮಾಡಿಲ್ಲ. ಬ್ಲೂಟೂತ್ ಇಲ್ಲ, 2014ರಲ್ಲೇ ತೆಗೆದುಹಾಕಿದ್ದಾರೆ.

ಇಲ್ಲಿ ದೊಡ್ಡ ಬ್ರೌಸರಿನ ಆಸೆ ಬಿಟ್ಟು ನೆಟ್‌ಸರ್ಫ್, ಡಿಲ್ಲೋ ಬಳಸುತ್ತೇನೆ. ಎಷ್ಟೋ ವರ್ಷ ಸುಮ್ಮನಿದ್ದ ಡಿಲ್ಲೋ 2024ರಲ್ಲಿ 3.1 ಆವೃತ್ತಿಯೊಂದಿಗೆ ಮತ್ತೆ ಎದ್ದು ಬಂದಿದೆ. ಬರೀ ಪಠ್ಯ ಇರುವ ಪುಟಗಳು ಅದರಲ್ಲಿ ಥಟ್ಟನೆ ತೆರೆಯುತ್ತವೆ. ಲಾಗಿನ್ ಕೇಳುವ ಬ್ಯಾಂಕ್, ಮೇಲ್ ತಾಣಗಳು ತೆರೆಯುವುದಿಲ್ಲ.

ಹೀಗಾಗಿ ಬ್ರೌಸರ್ ಬೇಕೇ ಬೇಕು ಅನ್ನುವವರಿಗೆ ಆಂಟಿಕ್ಸ್. ಬರೆಯಲು, ಕೋಡ್ ಕಲಿಯಲು, ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಬೇರೆ ಯಂತ್ರ ನೋಡಿಕೊಳ್ಳಲು ಓಪನ್‌ಬಿಎಸ್‌ಡಿ. ನನ್ನ ನೆಟ್‌ಬುಕ್‌ನಲ್ಲಿ ಈಗ ಇರುವುದು ಅದೇ. ಇನ್ನೊಂದು ಕಾರಣವೂ ಇದೆ. ಕಂಪ್ಯೂಟರ್ 1970ರಿಂದ ಸೆಕೆಂಡ್ ಲೆಕ್ಕದಲ್ಲಿ ಇಡುವ 32 ಬಿಟ್ ಕಾಲದ ಎಣಿಕೆ 2038ರ ಜನವರಿ 19ಕ್ಕೆ ತುಂಬಿ ಮುಗಿಯುತ್ತದೆ, ಅಲ್ವಾ? ಓಪನ್‌ಬಿಎಸ್‌ಡಿ 2014ರಲ್ಲೇ 64 ಬಿಟ್ ಎಣಿಕೆಗೆ ಹೋಯಿತು, ಆಲ್ಪೈನ್ 2021ರಲ್ಲಿ. ಡೆಬಿಯನ್ ಮಾತ್ರ ತನ್ನ 32 ಬಿಟ್ ಪಿಸಿ ಆವೃತ್ತಿಯನ್ನು ಹಳೆಯ ಎಣಿಕೆಯಲ್ಲೇ ಬಿಟ್ಟಿದೆ.

ನಿಮ್ಮದು ಕೋರ್ 2 ಡ್ಯುಯೋ ಆಗಿದ್ದರೆ ಈ ಕಷ್ಟ ಅರ್ಧ ಇಲ್ಲ. ಅದು 64 ಬಿಟ್ ಪ್ರೊಸೆಸರ್. ರ‍್ಯಾಮ್ ಕಡಿಮೆ ಅಂತ 32 ಬಿಟ್ ಆವೃತ್ತಿ ಹಾಕುವವರು ಬಹಳ ಜನ. 2 ಜಿಬಿ ಇದ್ದರೂ 64 ಬಿಟ್ಟೇ ಹಾಕಿ, ಫೈರ್‌ಫಾಕ್ಸ್ ಮುಂದೆಯೂ ಸಿಗುತ್ತದೆ.

ಕೊನೆಗೆ, ಎಲ್ಲ ತಾಣಗಳೂ ಸರ್ಟಿಫಿಕೇಟ್ ತಪ್ಪು ಅಂದರೆ, ಅಪ್‌ಡೇಟ್ ಕೂಡ ಆಗದಿದ್ದರೆ, ಓಎಸ್ ಬದಲಿಸಲು ಹೊರಡಬೇಡಿ. ಮೊದಲು ತಾರೀಕು ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತು ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಸಾಮಾನ್ಯವಾಗಿ ಅದು ಸಿಆರ್2032 ಗುಂಡು ಬ್ಯಾಟರಿ. ಕೆಲವು ನೆಟ್‌ಬುಕ್‌ಗಳಲ್ಲಿ ಅದಕ್ಕೆ ವೈರ್ ಅಂಟಿಸಿರುತ್ತಾರೆ, ತೆಗೆಯುವ ಮೊದಲು ಕನೆಕ್ಟರ್ ನೋಡಿಕೊಂಡು ಅದೇ ಥರದ್ದು ತನ್ನಿ.