ಮೂವತ್ತು ದಾಟಿದ ಮೇಲೆ ಜಿಎನ್‌ಎಂ: ಕೊಡಗಿನವರಿಗೆ ಈ ಕೋರ್ಸ್ ಹೊಂದುತ್ತದೆಯೇ?

ಜಿಎನ್‌ಎಂ ಎಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ. ನೇರವಾಗಿ ಹೇಳುವುದಾದರೆ, ವಯಸ್ಸು 32–33ರೊಳಗಿದ್ದು, ಮೂರು ವರ್ಷ ಮನೆ, ಮಕ್ಕಳು, ತೋಟದ ಹೊಣೆ ಹೊರಲು ಇನ್ನೊಬ್ಬರು ಸಿಗುವುದಾದರೆ ಜಿಎನ್‌ಎಂ ಒಳ್ಳೆಯ ಕೋರ್ಸ್. ಹೊಣೆ ಹೊರುವವರಿಲ್ಲದೆ, ‘ಹೇಗೋ ಆಗುತ್ತದೆ’ ಎಂದು ಸೇರುವುದಾದರೆ ಬೇಡ.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಜಿಎನ್‌ಎಂ ಪ್ರವೇಶಕ್ಕೆ ವಯಸ್ಸು 17ರಿಂದ 35. ಪಿಯುಸಿಯಲ್ಲಿ ಕನಿಷ್ಠ 40% ಅಂಕ ಬೇಕು, ಇಂಗ್ಲಿಷ್ ಪಾಸಾಗಿರಬೇಕು. ಕಲಾ, ವಾಣಿಜ್ಯ ಓದಿದವರಿಗೂ ಬಾಗಿಲು ತೆರೆದಿದೆ. ನಡುವಯಸ್ಸಿನವರಿಗೆ ಬಿ.ಎಸ್ಸಿ. ನರ್ಸಿಂಗ್‌ಗಿಂತ ಇದು ಹೊಂದುವುದು ಈ ಕಾರಣಕ್ಕೇ: ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಜೊತೆಗೆ ನಾಲ್ಕು ವರ್ಷ. ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಪಿಯುಸಿ ಮಟ್ಟದ ಪರೀಕ್ಷೆ ಮುಗಿಸಿ ಬರಬಹುದು. ಆದರೆ ಅದಕ್ಕೆ ಹಿಡಿಯುವ ಕಾಲವೂ 35ರ ಲೆಕ್ಕದಲ್ಲೇ ಕಳೆಯುತ್ತದೆ. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಆಗಿ ನೋಂದಣಿ ಇರುವವರಿಗೆ ಮಾತ್ರ ಜಿಎನ್‌ಎಂ ಸೇರಲು ವಯಸ್ಸಿನ ಗಡಿ ಇಲ್ಲ. ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸ ಮಾಡುವ ಸಹೋದರಿಯರು ಇದನ್ನು ಗಮನಿಸಿ.

ಪಾಠದ ಬಗ್ಗೆ ಭಯ ಬೇಡ. ಮೊದಲ ವರ್ಷದ ಅಂಗರಚನೆ, ಸೂಕ್ಷ್ಮಜೀವಿಶಾಸ್ತ್ರಕ್ಕೆ ಬಾಯಿಪಾಠ ಹೆಚ್ಚು ಬೇಕು. ಪುಸ್ತಕ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡ ಮಾಧ್ಯಮದವರು ಮೊದಲ ಆರು ತಿಂಗಳು ದಿನಕ್ಕೊಂದು ಗಂಟೆ ಪದಗಳಿಗೇ ಮೀಸಲಿಡಬೇಕು. ಲೆಕ್ಕವೂ ಇದೆ, ಆದರೆ ಮನೆಯ ಖರ್ಚು ನಿಭಾಯಿಸಿದವರಿಗೆ ಕಷ್ಟವಲ್ಲ. 500 ಮಿ.ಲೀ. ಸಲೈನನ್ನು 8 ಗಂಟೆಯಲ್ಲಿ ಮುಗಿಸಬೇಕು, ಡ್ರಿಪ್ ಸೆಟ್ಟಿನಲ್ಲಿ (ಸಲೈನ್ ಹನಿಸುವ ಕೊಳವೆಯಲ್ಲಿ) ಮಿ.ಲೀ.ಗೆ 20 ಹನಿ ಎಂದಿಟ್ಟುಕೊಳ್ಳಿ. 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಜನ ಎಡವುವುದು ಗಂಟೆಯನ್ನು ನಿಮಿಷಕ್ಕೆ ಬದಲಿಸಲು ಮರೆತಾಗ, ಇಲ್ಲವೇ ಸೆಟ್ಟಿನ ಪ್ಯಾಕೆಟ್ ಮೇಲಿನ ಹನಿ ಸಂಖ್ಯೆ ನೋಡದಿದ್ದಾಗ. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್ಟಿನಲ್ಲಿ ಅದು 60.

ನಿಜವಾದ ಕಷ್ಟ ಹಾಜರಾತಿಯದು. ತರಗತಿಗೆ, ಪ್ರಾಯೋಗಿಕಕ್ಕೆ ತಲಾ 80% ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರಮಾಣಪತ್ರ ಕೈಗೆ ಬರುವ ಮೊದಲು ಪ್ರಾಯೋಗಿಕ ಅವಧಿ ಪೂರ್ತಿ 100% ಮುಗಿದಿರಬೇಕು. ತಪ್ಪಿಸಿಕೊಂಡ ಡ್ಯೂಟಿಯನ್ನು ಆಮೇಲೆ ಮಾಡಿಯೇ ತೀರಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಅದರ ಬೆನ್ನಿಗೇ ಕರಿಮೆಣಸು. ತೋಟದಲ್ಲಿ ಆಳಿನ ಲೆಕ್ಕ ಬರೆಯುವವರು ನೀವೇ ಆಗಿದ್ದರೆ ಕೊಯ್ಲು, ಕೋರ್ಸ್ ಎರಡೂ ಒಟ್ಟಿಗೆ ನಡೆಯುವುದಿಲ್ಲ. ಹುತ್ತರಿ ಹಬ್ಬದ ದಿನ ರಾತ್ರಿ ಪಾಳಿ ಬಿದ್ದರೆ ಹೋಗಲೇಬೇಕು. ಬೆಳಗಿನ ಪಾಳಿ 8ಕ್ಕೆ ಶುರುವಾದರೆ ಭಾಗಮಂಡಲದ ಕಡೆಯಿಂದ ಮಡಿಕೇರಿಗೆ ಜೂನ್–ಜುಲೈ ಮಳೆಯಲ್ಲಿ ನಿತ್ಯ ಬಸ್ಸಿನಲ್ಲಿ ಬರುವುದನ್ನು ನೆಚ್ಚಬೇಡಿ. ಹಾಸ್ಟೆಲ್ ಅಥವಾ ಬಾಡಿಗೆ ರೂಮಿನ ಖರ್ಚನ್ನು ಶುಲ್ಕದ ಜೊತೆಗೇ ಕೂಡಿಸಿ. ಯೂನಿಫಾರ್ಮ್ ಕನಿಷ್ಠ ನಾಲ್ಕು ಜೊತೆ ಹೊಲಿಸಿಕೊಳ್ಳಿ, ಇಲ್ಲಿಯ ಮಳೆಗಾಲದಲ್ಲಿ ಎರಡು ಜೊತೆ ಒಣಗುವುದಿಲ್ಲ.

‘ಕಾಲೇಜಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಏಜೆಂಟರು ಹುಡುಕುವುದೇ ಸಂಸಾರವಿರುವ ಹೆಂಗಸರನ್ನು. ದಯವಿಟ್ಟು ಒಪ್ಪಬೇಡಿ. ಜಿಎನ್‌ಎಂಗೆ ದೂರಶಿಕ್ಷಣವೂ ಇಲ್ಲ, ಅರೆಕಾಲಿಕ ವ್ಯವಸ್ಥೆಯೂ ಇಲ್ಲ. ಸಿರಿಂಜ್ ಹಿಡಿಯದೆ ಪಾಸಾದವರನ್ನು ವಾರ್ಡಿನ ಸಿಸ್ಟರ್ ಮೊದಲ ದಿನವೇ ಗುರುತಿಸುತ್ತಾರೆ. ಅಪಾಯ ಆಗುವುದು ರೋಗಿಗೆ.

ಕಾಲೇಜು ಆರಿಸುವಾಗ ಕಟ್ಟಡವಲ್ಲ, ಆಸ್ಪತ್ರೆ ನೋಡಿ. ಪರಿಷತ್ತಿನ ಮಾನದಂಡದಲ್ಲಿ ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳು, 75% ಹಾಸಿಗೆ ತುಂಬಿರಬೇಕು. ಅದಕ್ಕಿಂತ ಮುಖ್ಯ ಹೆರಿಗೆ ವಾರ್ಡು. ಪ್ರತಿ ವಿದ್ಯಾರ್ಥಿ 20 ಗರ್ಭಿಣಿಯರ ತಪಾಸಣೆ, 20 ಸಹಜ ಹೆರಿಗೆ, 20 ಬಾಣಂತಿಯರ ಆರೈಕೆ ಮಾಡಿ ಕೇಸ್‌ಬುಕ್‌ನಲ್ಲಿ ಬರೆಯಬೇಕು. ತರಗತಿಯಲ್ಲಿ 40 ಜನರಿದ್ದರೆ 800 ಸಹಜ ಹೆರಿಗೆ ಬೇಕು. ತಿಂಗಳಿಗೆ 20 ಹೆರಿಗೆ ಆಗುವ, ಅದರಲ್ಲೂ ಸಿಸೇರಿಯನ್ನೇ ಹೆಚ್ಚಿರುವ ಆಸ್ಪತ್ರೆಯಲ್ಲಿ ಇದು ಹೇಗೆ ಸಾಧ್ಯ? ಕೇಸ್‌ಬುಕ್ ಸುಳ್ಳಾಗುವುದು ಇಲ್ಲೇ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ ಇದೆ. ಇಂಥ ದೊಡ್ಡ ಆಸ್ಪತ್ರೆಗೆ ವಿದ್ಯಾರ್ಥಿಗಳನ್ನು ಕಳಿಸುವ ಒಪ್ಪಂದ ಬರಹದಲ್ಲಿದೆಯೇ ಎಂದು ಕೇಳಿ. ಹಣ ಕಟ್ಟುವ ಮೊದಲು ರಜೆಯಿಲ್ಲದ ಒಂದು ದಿನ ಬೆಳಿಗ್ಗೆ ವಾರ್ಡಿಗೆ ಹೋಗಿ ತುಂಬಿದ ಹಾಸಿಗೆ ನೋಡಿ, ಮೂರನೇ ವರ್ಷದವರನ್ನು ಪಕ್ಕಕ್ಕೆ ಕರೆದು ಮಾತಾಡಿಸಿ.

ದೇಹದ ಮಾತು: ಸೊಂಟನೋವು, ಕಾಲಿನಲ್ಲಿ ಉಬ್ಬಿದ ರಕ್ತನಾಳ ಇರುವವರು ಸೇರುವ ಮೊದಲೇ ವೈದ್ಯರಿಗೆ ತೋರಿಸಿ. ರೋಗಿಯನ್ನು ಎತ್ತುವಾಗ ಸೊಂಟ ಬಾಗಿಸದೆ ಮೊಣಕಾಲು ಮಡಿಸುವುದನ್ನು ಮೊದಲ ವಾರದಲ್ಲೇ ರೂಢಿಸಿಕೊಳ್ಳಿ. ಹೆಪಟೈಟಿಸ್-ಬಿ ಲಸಿಕೆ ಮೂರು ಡೋಸ್, 0, 1 ಮತ್ತು 6ನೇ ತಿಂಗಳು. ವಾರ್ಡಿಗೆ ಇಳಿಯುವ ಮೊದಲು ಶುರು ಮಾಡಿ.

ಮುಗಿದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕು. ಖಾಸಗಿ ಆಸ್ಪತ್ರೆಯಲ್ಲಿ ವಯಸ್ಸು ಅಷ್ಟೇನೂ ಅಡ್ಡಿಯಾಗದು. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೆ ಪ್ರತಿ ಅಧಿಸೂಚನೆಯಲ್ಲೂ ವಯೋಮಿತಿ ಇರುತ್ತದೆ, ಅದರ ಆಸೆಯೊಂದನ್ನೇ ಇಟ್ಟುಕೊಂಡು ಸೇರಬೇಡಿ. ಊರಿನಲ್ಲೇ ಬಾಳಿದ ಹೆಂಗಸಿಗೆ ಒಂದು ಬಲವಂತೂ ಇದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಎರವ ಭಾಷೆಗಳಲ್ಲಿ ಎರಡು ಬಂದರೂ ಎಲ್ಲಿ ನೋಯುತ್ತಿದೆ ಎಂದು ಅಜ್ಜಿಯೊಬ್ಬರಿಂದ ಸರಿಯಾಗಿ ಕೇಳಿ ತಿಳಿಯಬಲ್ಲಳು. ಹೊರಗಿನಿಂದ ಬಂದ ಇಪ್ಪತ್ತೆರಡರ ಹುಡುಗಿಗೆ ಅದು ಬರಲು ವರ್ಷಗಳು ಬೇಕು.

35 ದಾಟಿದ್ದು, ಎಎನ್‌ಎಂ ನೋಂದಣಿಯೂ ಇಲ್ಲದಿದ್ದರೆ ಕೆಲವೇ ತಿಂಗಳ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಇದೆ. ಸ್ನಾನ, ಊಟ, ಮಗ್ಗುಲು ಬದಲಿಸುವುದು, ಜ್ವರ–ನಾಡಿ ನೋಡುವುದು ಅದರ ಕೆಲಸ. ಮಕ್ಕಳೆಲ್ಲ ಬೆಂಗಳೂರು ಸೇರಿ ಹಿರಿಯರಷ್ಟೇ ಉಳಿದಿರುವ ತೋಟದ ಮನೆಗಳಲ್ಲಿ ಇಂಥವರು ಬೇಕು. ಆದರೆ ಅದು ನರ್ಸಿಂಗ್ ಅಲ್ಲ, ಇಂಜೆಕ್ಷನ್ ಕೊಡುವ ಅಧಿಕಾರ ಅದರಲ್ಲಿಲ್ಲ, ಅಲ್ಲಿಂದ ಜಿಎನ್‌ಎಂಗೆ ದಾರಿಯೂ ಇಲ್ಲ. ನರ್ಸ್ ಕೋರ್ಸ್ ಎಂದು ಹೇಳಿ ಅದನ್ನು ಮಾರುವವರಿಗೆ ಹಣ ಕೊಡಬೇಡಿ.